ಲಂಕೆಗೆ ಹೋಪಲೆ ಆರು ದಿನ ಹುಡ್ಕಿದ್ದು

ಬಪ್ಪ ಮಾಘದಲ್ಲಿ ಯಂಗ ಮೂರು ಜನ ಹೆಂಗಸ್ರು ಶ್ರೀಲಂಕಾಕ್ಕೆ ಹೋಪದು ಹೇಳಿ ತೀರ್ಮಾನ ಆಯ್ದು. ಅಕ್ಕ, ವಾರಗಿತ್ತಿ, ಆನು. ಮೂರೂ ಜನ ಇಲ್ಲಿವರೆಗೆ ಸಮುದ್ರ ದಾಟಿದವಲ್ಲ, ವಿಮಾನ ಹತ್ತಿದವೂ ಅಲ್ಲ. ಸುದ್ದಿ ಗೊತ್ತಾಗಿದ್ದೇ ತಡ, ಹೊಸನಗರದಿಂದ, ತೀರ್ಥಹಳ್ಳಿಯಿಂದ ಎಲ್ಲ ಫೋನು ಬಪ್ಪಲೆ ಶುರುವಾತು. "ಎಷ್ಟು ಖರ್ಚು ಬತ್ತು?" "ಊಟಕ್ಕೆ ಎಂತ ಮಾಡ್ತಿ?" "ಮನೆ ಯಾರು ನೋಡ್ಕತ್ತ?" ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ಸೋತು ಹೋತು. ಹಾಂಗಾಗಿ ಎಲ್ಲರಿಗೂ ಒಟ್ಟಿಗೇ ಬರ್ದು ಹಾಕ್ತಾ ಇದ್ದಿ. ಇದು ಹೋಗಿ ಬಂದ ಕಥೆ ಅಲ್ಲ, ಹೋಪದ್ರ ಮೊದಲಿನ ಕಥೆ.

ತಲೆಗೆ ಹುಳ ಬಿಟ್ಟಿದ್ದು ಬೆಂಗಳೂರಲ್ಲಿಪ್ಪ ಮಗಳು. "ಅಮ್ಮ, ಇಲ್ಲಿಂದ ಕೊಲಂಬೋಗೆ ವಿಮಾನದಲ್ಲಿ ಒಂದೂವರೆ ತಾಸು ಅಷ್ಟೆ. ನೀನು ತಾಳಗುಪ್ಪದಲ್ಲಿ ರೈಲು ಹತ್ತಿ ಯನ್ನ ಮನೆಗೆ ಬಪ್ಪಲೆ ಒಂದು ರಾತ್ರಿ ಪೂರ್ತಿ ಬೇಕು" ಹೇಳ್ಚು. ಲೆಕ್ಕ ಹಾಕಿರೆ ಹೌದು. ದೇಶವೂ ದೊಡ್ಡದಲ್ಲ. 65,610 ಚದರ ಕಿಲೋಮೀಟರು, ಹೇಳಿರೆ ನಮ್ಮ ಕರ್ನಾಟಕದ ಮೂರ್ನೇ ಒಂದು ಪಾಲು. ಗಡಿಯಾರವೂ ನಮ್ಮದೇ ಸಮಯ. ಬಿಪಿ ಮಾತ್ರೆ ತಗಳ ಹೊತ್ತು ಸಹ ಬದಲಾಗ್ತಿಲ್ಲೆ!

ನೀರಿನ ನಡುವಿನ ನೆಲ ಹೇಳಿರೆ ಹೊನ್ನೆಮರಡಿನ ಕಡೆಯವ್ಕೆ ಹೊಸತಲ್ಲ. 1964ರಲ್ಲಿ ಲಿಂಗನಮಕ್ಕಿ ಡ್ಯಾಮು ಆಗಿ ಶರಾವತಿ ತುಂಬಿದಾಗ ಗದ್ದೆ, ತೋಟ, ಮನೆ ಎಲ್ಲ ನೀರೊಳಗೆ ಹೋತು. ಗುಡ್ಡದ ನೆತ್ತಿ ಮಾತ್ರ ನಡುಗಡ್ಡೆ ಆಗಿ ನಿಂತ್ಕಂಡ್ತು. ತುಮರಿ ಕಡೆ ನೆಂಟರ ಮನೆಗೆ ಹೋಪಲೆ ಲಾಂಚು ಕಾದು ಕಾದು ಯಂಗಳ ಅರ್ಧ ಆಯುಷ್ಯ ಹೋಯ್ದು. 2025ರ ಜುಲೈಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆದ ಮೇಲೇ ಆ ಕಾಯದು ತಪ್ಪಿದ್ದು. ಯಂಗಳ ಅತ್ತೆ ಮದುವೆ ಆಗಿ ಬಂದ ಮನೆಯೂ ಈಗ ಆ ನೀರಿನ ಅಡಿಗೇ ಇದ್ದು. ನೀರು ಹೇಳಿರೆ ಅವ್ಕೆ ತಿರುಗಾಟ ಅಲ್ಲ, ಪಾತ್ರೆ ಪಗಡಿ ಕಟ್ಟಿ ಎದ್ದು ಹೋಪದು. ಹಾಂಗಾಗಿ ಅವ್ರ ಹತ್ರ ಸಮುದ್ರದ ಸುದ್ದಿ ತೆಗಿಯಲೆ ಯಂಗೆ ಹನಿ ಅಳುಕು ಇತ್ತು. ಅವು ಸಮುದ್ರದ ಬಗ್ಗೆ ಎಂತದೂ ಕೇಳಿದ್ವಿಲ್ಲೆ. ಕೇಳಿದ್ದು ಎರಡೇ ಮಾತು. "ಎಷ್ಟು ದಿನ?" "ಆರು ದಿನ." "ಆರು ದಿನ ಮನೆ ಯಾರು ನೋಡ್ಕತ್ತ?"

ಇಡೀ ತಯಾರಿಯಲ್ಲಿ ಇದೊಂದೇ ಕಷ್ಟದ ಪ್ರಶ್ನೆ. ಅದಕ್ಕೆ ಕಡಿಗೆ ಬತ್ತಿ. ಬಾಕಿದ್ದು ಎಲ್ಲ ಕೇಳಿ ತಿಳ್ಕಂಬ ಸಂಗತಿ, ಅದನ್ನ ಮೊದಲು ಹೇಳ್ತಿ.

ಯಾವಾಗ ಹೋಪದು? ಆ ದೇಶಕ್ಕೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮುಂಗಾರೇ ಅಲ್ಲಿಯ ಪಶ್ಚಿಮಕ್ಕೆ, ದಕ್ಷಿಣಕ್ಕೆ ಹೊಡಿತು. ಮಳೆಗಾಲ ಮುಗದ ಮೇಲೆ ಹಿಂಗಾರು ಉತ್ತರ, ಪೂರ್ವದ ಕಡೆ ಸುರಿತು. ಕೊಲಂಬೋ, ಕ್ಯಾಂಡಿ, ಬೆಟ್ಟದ ಊರು ನೋಡ್ಲೆ ಫೆಬ್ರವರಿ, ಮಾರ್ಚಿ ಒಳ್ಳೆ ಹೊತ್ತು. ನಮ್ಮ ಮನೆ ಲೆಕ್ಕವೂ ಅಲ್ಲಿಗೇ ಬಂದು ಕೂತ್ಕಂಡ್ತು. ಕೊನೆಕೊಯ್ಲು ಮುಗದು ಅಡಿಕೆ ಸುಲಿಯ ಗಡಿಬಿಡಿ ತಣ್ಣಗಾಗಿರ್ತು. ಅಪ್ಪೆಮಿಡಿ ಕೊಯ್ಯಲೆ ಇನ್ನೂ ಪುರಸೊತ್ತಿರ್ತು. ಮತ್ತೊಂದು ವಿಷಯ ನೆನಪಿಟ್ಕಳಿ. ಅಲ್ಲಿ ಪ್ರತಿ ಹುಣ್ಣಿಮೆಗೂ ಸರ್ಕಾರಿ ರಜೆ, ಪೋಯ ಹೇಳ್ತ. ದೇವಸ್ಥಾನ ಎಲ್ಲ ಜನ ತುಂಬಿರ್ತು. ಫೆಬ್ರವರಿ 4 ಅವ್ರ ಸ್ವಾತಂತ್ರ್ಯದ ದಿನ. ಹಾಂಗಾಗಿ ಆನು ಒಂದು ಕೈಯಲ್ಲಿ ಪಂಚಾಂಗ, ಇನ್ನೊಂದು ಕೈಯಲ್ಲಿ ಕ್ಯಾಲೆಂಡರ್ ಹಿಡ್ಕಂಡು ಕೂತು, ಮಾಘದ ಹುಣ್ಣಿಮೆ ಕಳದು ಶಿವರಾತ್ರಿ ಒಳಗೆ ವಾಪಸ್ ಬಪ್ಪ ಹಾಂಗೆ ಆರು ದಿನ ತೆಗದಿ.

ಕಾಗದಪತ್ರ. ಪಾಸ್‌ಪೋರ್ಟಿಗೆ ಶಿವಮೊಗ್ಗಕ್ಕೆ ಹೋದ್ರಾತು, ಬೆಂಗಳೂರೇ ಆಗವು ಹೇಳಿ ಇಲ್ಲೆ. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ ಫೀ. ಅರ್ಜಿಯನ್ನ ಮಗಳು ಕಂಪ್ಯೂಟರಲ್ಲಿ ತುಂಬಿ ಕೊಡ್ತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಪೆಟ್ಟಿಗೆ ತಳದಿಂದ ತೆಗದಿಟ್ಕಳಿ, ಹುಟ್ಟಿದ ತಾರೀಕಿಗೆ ಬತ್ತು. ಆಧಾರಿನಲ್ಲಿಪ್ಪ ಹೆಸರೂ ಅದರಲ್ಲಿಪ್ಪ ಹೆಸರೂ ಅಕ್ಷರಕ್ಕೆ ಅಕ್ಷರ ಸರಿ ಇದ್ದಾ ನೋಡಿ. ಮದುವೆ ಆದ ಮೇಲೆ ಹೆಸರು ಬದಲು ಮಾಡ್ಲೇಬೇಕು ಹೇಳ ಕಾನೂನು ಇಲ್ಲೆ. ಅಪ್ಪನ ಮನೆ ಹೆಸರಲ್ಲೇ ಪಾಸ್‌ಪೋರ್ಟ್ ಮಾಡಿಸ್ಲಾಗ್ತು. ಆಮೇಲೆ ಪೋಲೀಸ್ನವ್ರು ವಿಚಾರಿಸ್ಲೆ ಬತ್ತ. ಅದಕ್ಕೆ ಅಕ್ಕಪಕ್ಕದವ್ರು ಗಾಬರಿ ಆಪದು ಬೇಡ ಹೇಳಿ ಆನು ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದಿ! ಲಂಕೆಗೆ ಹೋಪ ಮೊದಲು ಇ.ಟಿ.ಎ. ಹೇಳಿ ಒಂದು ಅನುಮತಿ ತಗಳವು, ಅದೂ ಕಂಪ್ಯೂಟರಲ್ಲೇ. ಪಾಸ್‌ಪೋರ್ಟಿನ ಅವಧಿ ಕಡಿಮೆ ಹೇಳಿರೂ ಇನ್ನಾರು ತಿಂಗಳು ಉಳ್ಕಂಡಿರವು.

ಎಲ್ಲಿಗೆ ಹೋಪದು? ಮೊಬೈಲಲ್ಲಿ ಬಪ್ಪ ಪ್ಯಾಕೇಜ್ ನೋಡಿರೆ ಆರು ದಿನಕ್ಕೆ ಏಳು ಊರು. ಬೆಳಿಗ್ಗೆ ಬ್ಯಾಗು ತುಂಬದು, ಸಂಜೆ ಬ್ಯಾಗು ಬಿಚ್ಚದು. ಆ ಕೆಲ್ಸ ಮಾಡ್ಲೆ ಲಂಕೆವರೆಗೆ ಎಂತಕ್ಕೆ ಹೋಗವು? ಯಂಗ ಮೂರೇ ಊರು ಇಟ್ಕಂಡ್ಯ. ಎರಡು ರಾತ್ರಿ ಕ್ಯಾಂಡಿ, ಎರಡು ರಾತ್ರಿ ನುವಾರ ಎಲಿಯ, ಒಂದು ರಾತ್ರಿ ಕೊಲಂಬೋ. ಕೊಲಂಬೋದಿಂದ ಕ್ಯಾಂಡಿಗೆ 115 ಕಿಲೋಮೀಟರು ಅಷ್ಟೆ, ಆದ್ರೆ ಬೆಟ್ಟದ ದಾರಿ, ಮೂರು ತಾಸಿನ ಮೇಲೇ ಬೇಕು. ಆಗುಂಬೆ ಘಾಟಿ ಇಳದವ್ಕೆ ಇದೆಲ್ಲ ಬಿಡಿಸಿ ಹೇಳದು ಬೇಡ.

ಕ್ಯಾಂಡಿಯಲ್ಲಿ ಬುದ್ಧನ ಹಲ್ಲು ಇಟ್ಟು ಪೂಜೆ ಮಾಡ ದಳದಾ ಮಾಳಿಗಾವ ದೇವಸ್ಥಾನ ಇದ್ದು. ಭುಜ, ಮೊಣಕಾಲು ಮುಚ್ಚ ಬಟ್ಟೆ ಬೇಕು. ಸೀರೆ ಉಡವ್ಕೆ ಅದೊಂದು ಚಿಂತೆ ಇಲ್ಲೆ. ಆದ್ರೆ ಬುದ್ಧನ ಮೂರ್ತಿಗೆ ಬೆನ್ನು ಹಾಕಿ ನಿಂತು ಫೋಟೋ ತೆಗಸ್ಕಂಬಲಾಗ, ಅಲ್ಲಿ ಅದು ದೊಡ್ಡ ಅಪಚಾರ. ಅಕ್ಕನ ಜೀವ ಇಪ್ಪದು ಪೆರಾದೆನಿಯ ಸಸ್ಯತೋಟದಲ್ಲಿ, ಆರ್ಕಿಡ್ ನೋಡ್ಲೆ. "ಒಂದು ಹೆಣೆ ಮುರ್ಕಂಡು ಬ್ಯಾಗಿಗೆ ಹಾಕಿರೆ ಆಗ್ತಿಲ್ಯಾ?" ಹೇಳಿ ಈಗಲೇ ಕೇಳ್ತಾ ಇದ್ದು. ಆಗ್ತಿಲ್ಲೆ ಅಕ್ಕ! ಗಿಡ, ಬೀಜ, ಗಡ್ಡೆ ಎಂತದನ್ನೂ ಪರವಾನಗಿ ಇಲ್ದೆ ದೇಶದೊಳಗೆ ತಪ್ಪಲಾಗ. ಒಂದು ಗಿಡದ ಜೊತಿಗೆ ಬಪ್ಪ ರೋಗ ಇಡೀ ತೋಟ ತೆಗಿತು. ಎಲೆಚುಕ್ಕಿ ರೋಗ ಕಂಡ ನಮಗೆ ಅದನ್ನ ಯಾರೂ ಹೇಳಿಕೊಡದು ಬೇಡ.

ಕ್ಯಾಂಡಿಯಿಂದ ಮುಂದೆ ರೈಲು. ಟೀ ತೋಟದ ನಡುವೆ ಹತ್ತಿ ಹತ್ತಿ ಹೋಗ್ತು, ನಾನು ಓಯ ಹೇಳ ಸ್ಟೇಷನ್ನಿನಲ್ಲಿ ಇಳಿಯವು. 1867ರಲ್ಲಿ ಕ್ಯಾಂಡಿ ಹತ್ರ ಮೊದಲ ದೊಡ್ಡ ಟೀ ತೋಟ ಮಾಡಿದ್ದಡ. ಆ ಕೆಲ್ಸಕ್ಕೆ ಹೇಳಿ ತಮಿಳುನಾಡಿಂದ ಕರ್ಕಂಡು ಹೋದವ್ರ ಮಕ್ಕ, ಮೊಮ್ಮಕ್ಕ ಈಗಲೂ ಆ ತೋಟದಲ್ಲೇ ಎಲೆ ಕೊಯ್ತ. ನುವಾರ ಎಲಿಯ ಸಮುದ್ರ ಮಟ್ಟದಿಂದ 1,800 ಮೀಟರಿಗಿಂತ ಎತ್ತರ, ಸ್ವೆಟರ್ ಬೇಕೇ ಬೇಕು. ಅಲ್ಲೇ ಹತ್ರ ಸೀತಾ ಎಲಿಯದಲ್ಲಿ ಸೀತಮ್ಮನ ದೇವಸ್ಥಾನ. ಅಶೋಕವನ ಅದೇ ಹೇಳಿ ಜನ ನಂಬಿದ್ದ. ಅತ್ತೆ ಕೇಳಿದ್ದು ಅದೊಂದೇ, "ಅಲ್ಲಿ ಯನ್ನ ಹೆಸರಲ್ಲೂ ಒಂದು ಕಾಯಿ ಒಡಸು."

ಸಿಗಿರಿಯ ಬಂಡೆ ಬಿಟ್ಯ. ಐದ್ನೇ ಶತಮಾನದಲ್ಲಿ ಕಾಶ್ಯಪ ಹೇಳ ರಾಜ ಬಂಡೆ ನೆತ್ತಿ ಮೇಲೆ ಅರಮನೆ ಕಟ್ಟಿದ್ದ. ಸುಮಾರು 1,200 ಮೆಟ್ಲು, ವಾರಗಿತ್ತಿಗೆ ಮೊಣಕಾಲು ನೋವು. "ನಿಂಗ ಹತ್ತಿ, ಆನು ಕೆಳಗೆ ಕೂತಿರ್ತಿ" ಹೇಳ್ಚು. ಬೇಡ ಹೇಳಿ ಯಂಗಳಿಬ್ಬರದೂ ಒಂದೇ ಮಾತು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕಡಿಗೆ ಕೂಪದು ಇದ್ದೇ ಇದ್ದು. ಅಲ್ಲಿಗೆ ಹೋಗಿಯೂ ಒಬ್ಬರು ಕಾಯ್ತಾ ಕೂಪಲಾಗ.

ಊಟಕ್ಕೆ ಹೆದರಡಿ. ಓದ್ತಾ ಹೋದ ಹಾಂಗೆ ಯಂಗೆ ರಾಶಿ ಖುಷಿ ಆತು. ಅವ್ರ ಗೊಟುಕೊಳ ಹೇಳಿರೆ ನಮ್ಮ ಒಂದೆಲಗ. ನಾವು ತಂಬುಳಿ ಮಾಡ್ತ್ಯ, ಅವು ಹೆಚ್ಚಿ ಕಾಯಿತುರಿ ಹಾಕಿ ಸಂಬಲ ಮಾಡ್ತ. ಇಂದಿ ಆಪ್ಪ ಹೇಳಿರೆ ನಮ್ಮ ಒತ್ತುಶ್ಯಾವಿಗೆ. ಗೊರಕ ಹೇಳಿರೆ ನಮ್ಮ ಉಪ್ಪಾಗೆ. ಪೊಲೊಸ್ ಹೇಳಿರೆ ಎಳೆ ಹಲಸಿನಕಾಯಿ ಪಲ್ಯ. ಎಮ್ಮೆ ಮೊಸರಿಗೆ ಕಿತುಲ್ ಬೆಲ್ಲ ಹಾಕಿ ತಿಂತ, ಆ ಕಿತುಲ್ ನಮ್ಮ ಕಾಡಿನ ಬಗನಿ ಮರ. ನಮ್ಮ ಘಟ್ಟಕ್ಕೂ ಆ ದ್ವೀಪಕ್ಕೂ ಗಿಡಮರದಲ್ಲಿ ನೆಂಟಸ್ತಿಕೆ ಇದ್ದು ಹೇಳಿ ವಿಜ್ಞಾನಿಗಳೇ ಎರಡನ್ನೂ ಒಂದೇ ಗುಂಪಿಗೆ ಸೇರಿಸಿದ್ದ. ಒಂದು ಎಚ್ಚರ ಮಾತ್ರ ಬೇಕು. ಅಲ್ಲಿ ತೆಂಗಿನಕಾಯಿ ಚಟ್ನಿಗೂ, ಕೆಲವು ಪಲ್ಯಕ್ಕೂ ಒಣಮೀನಿನ ಪುಡಿ ಹಾಕ್ತ, ನೋಡಿರೆ ಗೊತ್ತಾಗ್ತಿಲ್ಲೆ. "ಮಾಳು ಎಪಾ" ಹೇಳಿರೆ ಸಿಂಹಳದಲ್ಲಿ ಮೀನು ಬೇಡ ಹೇಳಿ ಅರ್ಥ. ವಾರಗಿತ್ತಿ ಕೊಟ್ಟಿಗೆಯಲ್ಲಿ ಹಾಲು ಕರಿತಾ ಅದನ್ನ ಉರುಹೊಡಿತಾ ಇದ್ದು. ಧನ್ಯವಾದಕ್ಕೆ "ಸ್ತುತಿ", ನಮಸ್ಕಾರಕ್ಕೆ "ಆಯುಬೋವನ್". ಆಯುಷ್ಯ ಹೆಚ್ಚಲಿ ಹೇಳಿ ಹರಸದು.

ದುಡ್ಡು. ತಲೆಗೆ 60,000 ದಾಟಲಾಗ ಹೇಳಿ ಗೆರೆ ಹಾಕಿದ್ಯ. ಯನ್ನದು ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾರಿ ಏಳು ವರ್ಷ ಕೂಡಿಟ್ಟಿದ್ದು. ನಮ್ಮ 100 ರೂಪಾಯಿಗೆ ಅವ್ರ 300ರ ಮೇಲೇ ಸಿಗ್ತು. ಹಾಂಗಾಗಿ ಅಲ್ಲಿ ಬೆಲೆ ಕೇಳಿದ ಕೂಡ್ಲೇ ಹೆದರಲಾಗ, ಮೂರರಿಂದ ಭಾಗಿಸವು. ಇವು ಮಾತ್ರ ಒಂದು ತಗಾದೆ ತೆಗದ. "ಲಂಕೆ ಅಡಿಕೆ ಬಂದು ನಮ್ಮ ರೇಟು ಬೀಳ್ಸ್ತು. ನಿಂಗ ಅಲ್ಲಿಗೇ ಹೋಗಿ ದುಡ್ಡು ಸುರ್ಕಂಡು ಬತ್ರಾ?" ಮಾತು ಸುಳ್ಳಲ್ಲ. 2000ನೇ ಇಸವಿಯಿಂದ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಲಂಕೆ ಅಡಿಕೆ ಇಲ್ಲಿಗೆ ಬತ್ತು, ಕೇಜಿಗೆ 351 ರೂಪಾಯಿ ಕನಿಷ್ಠ ಆಮದು ಬೆಲೆ ಹೇಳಿ ಸರ್ಕಾರ ಕಟ್ಟು ಹಾಕಿದ್ದು 2023ರಲ್ಲಿ. ಆನು ಹೇಳಿದಿ, "ಅವ್ರ ಅಡಿಕೆ ಮರ ಹ್ಯಾಂಗಿದ್ದು ಹೇಳಿ ನೋಡ್ಕಂಡು ಬತ್ತಿ, ನಿಂಗಕ್ಕೆ ವರದಿ ಕೊಡ್ತಿ." ನೆಗೆಯಾಡಿ ಸುಮ್ಮನಾದ.

ಈಗ ಅತ್ತೆ ಕೇಳಿದ ಪ್ರಶ್ನೆ. ಅತ್ತೆಗೆ 84. ಹೊತ್ತಿಗೆ ಸರಿಯಾಗಿ ಮಾತ್ರೆ, ರಾತ್ರಿ ಎದ್ದರೆ ಕೈ ಹಿಡಿಯವು. ಕೊಟ್ಟಿಗೆಯಲ್ಲಿ ಎರಡು ಹಾಲು ಕೊಡ ದನ. ಇವ್ಕೆ ತೋಟ ಗೊತ್ತು, ಒಲೆ ಗೊತ್ತಿಲ್ಲೆ. ದುಡ್ಡಿದ್ದರೂ, ಆರೋಗ್ಯ ಇದ್ದರೂ ನಮ್ಮ ಕಡೆ ಹೆಂಗಸ್ರು ಮನೆ ಬಿಟ್ಟು ಹೋಪಲೆ ಆಗ್ದೆ ಇಪ್ಪದು ಇದಕ್ಕೇ. "ಮಕ್ಕ ದೊಡ್ಡಾಗ್ಲಿ" ಹೇಳ್ತ್ಯ, "ಬಾಣಂತನ ಮುಗಿಲಿ" ಹೇಳ್ತ್ಯ, "ಮಾವಂಗೆ ಹುಷಾರಾಗ್ಲಿ" ಹೇಳ್ತ್ಯ. ಅಷ್ಟೊತ್ತಿಗೆ ನಮ್ಮ ಮೊಣಕಾಲೇ ಹೋಗಿರ್ತು.

ಒಂದು ದಿನ ಕೊನೆಕೊಯ್ಲಿನ ಲೆಕ್ಕ ಮಾತಾಡ್ತಾ ಇವು, "ಈ ಸಲ ಆಳು ಸಿಕ್ತಿಲ್ಲೆ, ಮುಯ್ಯಾಳು ಮಾಡ್ಕಳವು" ಹೇಳಿದ. ಇಂದು ನಾಲ್ಕು ಮನೆಯವು ನಮ್ಮ ತೋಟಕ್ಕೆ ಬಂದ್ರೆ, ನಾಳೆ ನಾವು ಅವ್ರ ತೋಟಕ್ಕೆ. ದುಡ್ಡಿಲ್ಲೆ, ದಾಕ್ಷಿಣ್ಯ ಇಲ್ಲೆ, ಲೆಕ್ಕ ಸರಿ. ಗಂಡಸ್ರ ತೋಟಕ್ಕೆ ನಡಿತು ಹೇಳಾದ್ರೆ ನಮ್ಮ ಅಡಿಗೆಮನೆಗೆ ಎಂತಕ್ಕೆ ಆಗ? ನಾದಿನಿಗೆ ಫೋನು ಮಾಡಿ ಕೇಳಿದಿ. "ಯನ್ನ ಅಮ್ಮನ್ನ ನೋಡ್ಕಂಬಲೆ ಯಂಗೆಂತಕ್ಕೆ ಮುಯ್ಯಿ?" ಹೇಳ್ಚು ಮೊದಲು. ಆನು ಬಿಟ್ಟಿದ್ದಿಲ್ಲೆ. ಉಪಕಾರ ಹೇಳಾದ್ರೆ ಒಂದೇ ಸಲ ಕೇಳ್ಲಾಗ್ತು, ಮುಯ್ಯಿ ಹೇಳಾದ್ರೆ ಇನ್ನೊಂದು ಸಲವೂ ಕೇಳ್ಲಾಗ್ತು. ಹನಿ ಹೊತ್ತು ಸುಮ್ಮನಿದ್ದು ಕೇಳ್ಚು, "ಹಂಗಾರೆ ಅತ್ತಿಗೆ, ಯಂಗೆ ಕಾಶಿಗೆ ಹೋಗವು ಹೇಳಿ ಹತ್ತು ವರ್ಷದಿಂದ ಆಸೆ. ಕಾರ್ತೀಕದಲ್ಲಿ ನೀನು ಬತ್ಯಾ?" ಬತ್ತಿ ಹೇಳಿದ್ದಿ. ವಾರಗಿತ್ತಿ ಮನೆ ದನಕ್ಕೆ ಪಕ್ಕದ ಮನೆಯದು ಒಪ್ಪಿದ್ದು, ಅದರ ತಂಗಿ ಮಗಳ ಮದುವೆಗೆ ವಾರಗಿತ್ತಿ ನಾಲ್ಕು ದಿನ ಕೊಡವು. ಅಕ್ಕನ ಮನೆಯಲ್ಲಿ ಸೊಸೆಯೇ, "ನೀವು ಬಂದ ಮೇಲೆ ಆನು ಅಪ್ಪನ ಮನೆಗೆ ಆರು ದಿನ" ಹೇಳ್ಚಡ. ಎಲ್ಲವನ್ನೂ ಗೋಡೆ ಕ್ಯಾಲೆಂಡರಲ್ಲಿ ಬರ್ದಿಟ್ಟಿದ್ದಿ. ಇವ್ಕೆ ಗ್ಯಾಸ್ ಹಚ್ಚಿ ಗಂಜಿ, ಚಾ ಮಾಡದು ಕಲಿಸ್ತಾ ಇದ್ದಿ. ಗಂಜಿ ಅಡ್ಡಿಲ್ಲೆ, ಚಾ ಇನ್ನೂ ಸುಧಾರಿಸವು.

ಅತ್ತೆಗೆ ಈ ಪಟ್ಟಿ ಓದಿ ಹೇಳಿದಿ. ಕೇಳ್ಕಂಡು, "ಆ ಡ್ಯಾಮಿನ ನೀರು ಬಂದಾಗ ಯಾರೂ ಯನ್ನ ಹತ್ರ ಕೇಳಿದ್ವಿಲ್ಲೆ, ಹೊರಡು ಹೇಳಿದ, ಹೊರಟಿ. ನೀನು ನಿನ್ನ ಮನ್ಸಿಂದ ಹೊರಡ್ತಾ ಇದ್ದೆ. ಹೋಗಿ ಬಾ" ಹೇಳಿದ. ಯಂಗೆ ಉತ್ತರ ಬಾಯಿಗೆ ಬಂತಿಲ್ಲೆ, ಮಾತ್ರೆ ಡಬ್ಬಿ ಜೋಡಿಸಲೆ ಎದ್ದಿ.

ಟಿಕೆಟ್ಟು ದೀಪಾವಳಿ ಕಳದ ಕೂಡ್ಲೇ ತಗಳದು. ನಿಂಗಳಲ್ಲಿ ಯಾರಿಗಾದ್ರೂ ಎಲ್ಲಿಗಾದ್ರೂ ಹೋಪ ಮನ್ಸಿದ್ರೆ, ಲಂಕೆಯೇ ಆಗವು ಹೇಳಿಲ್ಲೆ, ಧರ್ಮಸ್ಥಳ ಆದ್ರೂ ಸಮ, ಮೊದಲು ಊರು ಹುಡುಕಡಿ, ನಿಂಗಳ ಆರು ದಿನ ಯಾರು ನೋಡ್ಕತ್ತ, ಅವ್ರ ಆರು ದಿನ ನಿಂಗ ನೋಡ್ಕಂಬಲೆ ತಯಾರಿದ್ರಾ ಹೇಳಿ ಕೇಳ್ಕಳಿ. ಯನ್ನ ಕ್ಯಾಲೆಂಡರಲ್ಲಿ ಕಾರ್ತೀಕ ಭರ್ತಿ ಆಯ್ದು. ಮಾರ್ಗಶಿರ ಖಾಲಿ ಇದ್ದು, ಬೇಕಾದವು ಈಗಲೇ ಫೋನು ಮಾಡಿ.