ಅಮರಕೋಶದೊಳಗಿನ ಲಕೋಟೆ

ಕಳೆದ ತಿಂಗಳು ಎಂಟು ದಿನಗಳ ಪರ್ಯಂತ ನನ್ನ ಅಮರಕೋಶದೊಳಗೆ ಒಂದು ಲಕೋಟೆಯಿದ್ದಿತು. ಅದು ನನ್ನ ರಕ್ತಪರೀಕ್ಷೆಯ ವರದಿ. ರಾತ್ರಿ ಮೂರು ನಾಲ್ಕು ಬಾರಿ ನಾನು ಏಳುವುದನ್ನೂ ಪದೇ ಪದೇ ನೀರು ಕುಡಿಯುವುದನ್ನೂ ಕಂಡು ನನ್ನ ಹೆಂಡತಿಯೇ ವೈದ್ಯರ ಬಳಿಗೆ ಅಟ್ಟಿದ್ದಳು. ವರದಿಯಲ್ಲಿ ಏನಿದೆಯೆಂದು ಅವಳು ಕೇಳಿದಾಗ, “ಇನ್ನೂ ನೋಡಿಲ್ಲ” ಎಂದೆನು. ಅಸತ್ಯವನ್ನಂತೂ ನುಡಿಯಲಿಲ್ಲ!

ವಾಚಕರು ನಗಬಹುದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉಪಾಧ್ಯಾಯನಾಗಿದ್ದವನು ನಾನು. ಫಲಿತಾಂಶವನ್ನು ಹಲಗೆಗೆ ಅಂಟಿಸಿದ ದಿನ ಹುಡುಗರೆಲ್ಲ ನುಗ್ಗುತ್ತಿದ್ದರೆ, ಒಬ್ಬಿಬ್ಬರು ದೂರದಲ್ಲಿ ಹುಣಿಸೆಯ ಮರದಡಿಯಲ್ಲಿಯೇ ನಿಂತಿರುತ್ತಿದ್ದರು. “ನೋಡದಿದ್ದರೆ ಅಂಕ ಹೆಚ್ಚುವುದೇನಯ್ಯಾ?” ಎಂದು ಅವರನ್ನು ಹಾಸ್ಯಮಾಡುತ್ತಿದ್ದೆನು. ಅಂಕ ಹೆಚ್ಚಲೆಂದು ಅವರು ನಿಂತಿರಲಿಲ್ಲ. ಇನ್ನೊಂದು ಗಳಿಗೆಯಾದರೂ ನಪಾಸಾಗದವರಾಗಿರಲೆಂದು ನಿಂತಿದ್ದರು. ಇದು ನನಗೆ ಅರವತ್ತನೆಯ ವಯಸ್ಸಿನಲ್ಲಿ ತಿಳಿಯಿತು.

ಹಾಗೆಂದು, ತಿಳಿಯಲೊಲ್ಲದವರೆಲ್ಲರೂ ಅವಿವೇಕಿಗಳಲ್ಲ. ಡಿ.ಎನ್.ಎ.ಯ ರಚನೆಯನ್ನು 1953ರಲ್ಲಿ ಕ್ರಿಕ್ ಎಂಬವರೊಡನೆ ಪ್ರಕಟಪಡಿಸಿದ ಜೇಮ್ಸ್ ವಾಟ್ಸನ್ ಅವರ ಸಮಗ್ರ ವಂಶಲಿಪಿಯನ್ನು ವಿಜ್ಞಾನಿಗಳು ಓದಿ 2008ರಲ್ಲಿ ಪ್ರಕಟಿಸಿದರು. ಅದರಲ್ಲಿ ಒಂದು ಭಾಗವನ್ನು ಮಾತ್ರ ಮರೆಮಾಡಬೇಕೆಂದು ಅವರೇ ಕೋರಿದ್ದರು. ಮುಪ್ಪಿನಲ್ಲಿ ಸ್ಮೃತಿಯನ್ನು ನುಂಗುವ ಆಲ್ಜೈಮರ್ ವ್ಯಾಧಿಯ ಸಂಭವವನ್ನು ಸೂಚಿಸುವ ಭಾಗವದು. ಆ ವ್ಯಾಧಿಯನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ವಂಶಲಿಪಿಯನ್ನೇ ಬಿಡಿಸಿ ತೋರಿದ ಆ ಪಂಡಿತರು ತಮ್ಮ ಲಿಪಿಯ ಒಂದು ಪಂಕ್ತಿಯನ್ನು ಓದದೆ ಬಿಟ್ಟರೆಂದು ನಾನು ಆಕ್ಷೇಪಿಸಲಾರೆನು.

ನನ್ನ ಲಕೋಟೆ ಅಂಥದಾಗಿರಲಿಲ್ಲ. ಮಧುಮೇಹಕ್ಕೆ ಪಥ್ಯವುಂಟು, ಮಾತ್ರೆಯುಂಟು, ಬೆಳಗಿನ ನಡಿಗೆಯುಂಟು. ನಿಜ ಹೇಳುವುದಾದರೆ ನಾನು ಅಂಜಿದುದು ರೋಗಕ್ಕಲ್ಲ, ತಿಳಿದ ಮರುಕ್ಷಣದಿಂದ ಮಾಡಲೇಬೇಕಾಗುವ ಕೆಲಸಕ್ಕೆ. ಭೀಷ್ಮಪರ್ವದ ಮೊದಲಲ್ಲಿ, ಯುದ್ಧವನ್ನು ಕಾಣಲು ಕಣ್ಣು ಕೊಡುವೆನೆಂದು ವ್ಯಾಸರು ಹೇಳುತ್ತಾರೆ. ಜ್ಞಾತಿವಧೆಯನ್ನು ನೋಡಲೊಲ್ಲೆ, ಕೇಳಿದರೆ ಸಾಕು ಎನ್ನುತ್ತಾನೆ ಧೃತರಾಷ್ಟ್ರ. ತರಗತಿಯಲ್ಲಿ ಇದನ್ನು ಪುತ್ರವಾತ್ಸಲ್ಯವೆಂದು ವ್ಯಾಖ್ಯಾನಿಸುತ್ತಿದ್ದೆನು. ಈಗ ಬೇರೆಯೇ ತೋರುತ್ತದೆ. ಕಣ್ಣು ಬಂದಿದ್ದರೆ ಎದ್ದು ಹೋಗಿ ಮಗನ ಕೈ ಹಿಡಿದು ತಡೆಯಬೇಕಾಗುತ್ತಿತ್ತು. ಕಿವಿಗೆ ಬಿದ್ದುದಕ್ಕಾದರೋ, ಕುಳಿತಲ್ಲಿಯೇ “ಅಯ್ಯೋ ಸಂಜಯಾ” ಎಂದು ಪ್ರಲಾಪಿಸಿದರೆ ಸಾಕು.

ಒಂಬತ್ತನೆಯ ದಿನ ಲಕೋಟೆಯನ್ನು ಕೈಗೆತ್ತಿಕೊಂಡೆನು. ಅಂಟನ್ನು ಯಾರೋ ಬಿಡಿಸಿ ಮತ್ತೆ ಮೆತ್ತಿದಂತಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವ ಅಂಕ 8.2 ಎಂದಿತ್ತು, 6.5 ಮುಟ್ಟಿದರೆ ಮಧುಮೇಹವೆಂದು ಲೆಕ್ಕ.

ಅಡುಗೆಮನೆಯಲ್ಲಿ ಹೆಂಡತಿ ಕಾಫಿ ಸೋಸುತ್ತಿದ್ದಳು.

“ಇದನ್ನು ನೀನು ಯಾವಾಗ ನೋಡಿದೆ?”

“ನೀವು ಬಚ್ಚಿಟ್ಟ ದಿನವೇ.”

ವಾರದಿಂದ ಕಾಫಿಯ ಸಿಹಿ ದಿನದಿನಕ್ಕೆ ಇಳಿಯುತ್ತಿದ್ದುದನ್ನು ನನ್ನ ನಾಲಗೆ ಬಲ್ಲುದಾಗಿತ್ತು. ಏಕೆಂದು ನಾನು ಕೇಳಿರಲಿಲ್ಲ.