ಕೆರಿಮ್ಯಾಕಿಯ ಮರದ ಚರ್ಚು

ಫಿನ್ಲೆಂಡಿನ ಸವೊನ್ಲಿನ್ನಾಕ್ಕೆ ಬಂದವರು ಸಾಮಾನ್ಯವಾಗಿ 1475ರಲ್ಲಿ ಕಟ್ಟಲಾರಂಭಿಸಿದ ಓಲಾವಿನ್‌ಲಿನ್ನಾ ಕೋಟೆ ನೋಡಿ, ಅದರ ಅಂಗಳದಲ್ಲಿ ನಡೆಯುವ ಒಪೇರಾ ಕೇಳಿ ಮರಳುತ್ತಾರೆ. ನಾನು ಅಲ್ಲಿಂದ ಮುಂದಕ್ಕೆ ಕೆರಿಮ್ಯಾಕಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬರ್ಚ್, ಪೈನ್ ಮರಗಳು. ಅವುಗಳ ಸಂದಿನಲ್ಲಿ ಸರೋವರದ ನೀರು.

ಊರು ಚಿಕ್ಕದು. ಒಂದು ರಸ್ತೆ, ಕೆಲವು ಅಂಗಡಿ, ಚದುರಿದ ಮನೆಗಳು. ಇವೆಲ್ಲದರ ನಡುವೆ ತಿಳಿಹಳದಿ ಬಣ್ಣದ ಆ ಚರ್ಚು ಎದ್ದು ನಿಂತಿದೆ. 45 ಮೀಟರ್ ಉದ್ದ, 42 ಮೀಟರ್ ಅಗಲ, ಎಲ್ಲವೂ ಮರ. ಜಗತ್ತಿನ ಅತಿ ದೊಡ್ಡ ಮರದ ಚರ್ಚೆಂದು ಇದಕ್ಕೆ ಹೆಸರು. ಒಳಗೆ ಹೋಗಿ ತಲೆಯೆತ್ತಿದರೆ ಅಟ್ಟದ ಮೇಲೆ ಅಟ್ಟ, ತೊಲೆಯ ಮೇಲೆ ತೊಲೆ. ಮೂರು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ನಿಂತವರೂ ಸೇರಿದರೆ ಐದು ಸಾವಿರ.

ಇಷ್ಟು ದೊಡ್ಡದೇಕೆ? ನಕ್ಷೆಯ ಅಳತೆಯನ್ನು ತಪ್ಪಾಗಿ ಓದಿ, ಸೆಂಟಿಮೀಟರನ್ನು ಅಂಗುಲವೆಂದು ತಿಳಿದು ಕಟ್ಟಿಬಿಟ್ಟರು ಎಂಬ ಕಥೆ ಪ್ರಚಾರದಲ್ಲಿದೆ. ನಾನು ಅದನ್ನು ನಂಬುವುದಿಲ್ಲ. 1844ರಿಂದ 1847ರವರೆಗೆ ಇದನ್ನು ಕಟ್ಟುವಾಗ ಫಿನ್ಲೆಂಡಿನಲ್ಲಿ ಮೆಟ್ರಿಕ್ ಅಳತೆಯೇ ಬಳಕೆಗೆ ಬಂದಿರಲಿಲ್ಲ. ಆಗಿನ ಕೆರಿಮ್ಯಾಕಿ ದೊಡ್ಡ ಪ್ಯಾರಿಷ್. ಅದರ ಅರ್ಧದಷ್ಟು ಜನ ಒಮ್ಮೆಗೇ ಪ್ರಾರ್ಥನೆಗೆ ಸೇರುವಂತಿರಬೇಕು ಎಂಬ ಲೆಕ್ಕದ ಮೇಲೆ ಕಟ್ಟಿದ್ದು. ನಕ್ಷೆ ಗ್ರಾನ್‌ಸ್ಟೆಡ್ಟ್ ಎಂಬ ವಾಸ್ತುಶಿಲ್ಪಿಯದು, ದುಡಿಮೆ ಊರವರದು. ರೈತರು ತಮ್ಮ ಕಾಡಿನ ಮರ ಕಡಿದು, ಹೊತ್ತು ತಂದು ಎಬ್ಬಿಸಿದ ಕಟ್ಟಡವನ್ನು ಎಡವಟ್ಟೆಂದು ಕರೆಯುವುದು ಅವರಿಗೆ ಮಾಡುವ ಅನ್ಯಾಯ.

2013ರ ಜನವರಿ 1ರಂದು ಕೆರಿಮ್ಯಾಕಿಯನ್ನೂ ನೆರೆಯ ಪುಂಕಹರ್ಯುವನ್ನೂ ಸವೊನ್ಲಿನ್ನಾ ನಗರಕ್ಕೆ ಸೇರಿಸಿದರು. ಆ ಹೊತ್ತಿಗೆ ಇಲ್ಲಿದ್ದವರು ಸುಮಾರು ಐದೂವರೆ ಸಾವಿರ; ಹೆಚ್ಚುಕಡಿಮೆ ಇಡೀ ಊರೇ ಈ ಚರ್ಚಿನೊಳಗೆ ಹಿಡಿಸುತ್ತಿತ್ತು. ಯುವಕರು ದೊಡ್ಡ ನಗರಗಳಿಗೆ ಹೋದರು, ಉಳಿದವರಿಗೆ ವಯಸ್ಸಾಯಿತು, ತೆರಿಗೆ ಕಟ್ಟುವವರು ಕಡಿಮೆಯಾದರು. 2000ದಲ್ಲಿ ದೇಶದಲ್ಲಿದ್ದ ಪುರಸಭೆಗಳು 452. 2021ಕ್ಕೆ ಉಳಿದವು 309. ಅಲ್ಲಿ ಶಾಲೆ, ಶಿಶುವಿಹಾರ, ಗ್ರಂಥಾಲಯಗಳೆಲ್ಲ ಪುರಸಭೆಯ ಹೊಣೆ. ಹೀಗಾಗಿ ಊರಿನ ಶಾಲೆಯ ಮಾತೂ ಈಗ ನಗರದ ಸಭೆಯಲ್ಲೇ ತೀರ್ಮಾನವಾಗಬೇಕು. ಖರ್ಚಿನ ಲೆಕ್ಕ ನನಗೂ ಅರ್ಥವಾಗುತ್ತದೆ, ಆದರೂ ಇದು ಸಣ್ಣ ನಷ್ಟವಲ್ಲ.

ಮಧ್ಯಾಹ್ನ ಊಟಕ್ಕೆ ಮುಯಿಕ್ಕು ಸಿಕ್ಕಿತು. ಪುರುವೆಸಿ ಸರೋವರದ ಬೆರಳುದ್ದದ ಬೆಳ್ಳಿಮೀನು, ರೈ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿದದ್ದು. ತಿಳಿನೀರಿಗೆ ಹೆಸರಾದ ಈ ಸರೋವರದಲ್ಲಿ ಚಳಿಗಾಲದಲ್ಲೂ ಹಿಮಗಡ್ಡೆ ಕೊರೆದು, ಅದರಡಿ ಉದ್ದನೆಯ ಬಲೆ ಎಳೆದು ಮೀನು ಹಿಡಿಯುತ್ತಾರೆ. ಬಡಿಸಿದ ಹಿರಿಯ ಹೆಂಗಸನ್ನು "ನೀವು ಸವೊನ್ಲಿನ್ನಾದವರೇ?" ಎಂದು ಕೇಳಿದೆ. "ಅಲ್ಲ, ಕೆರಿಮ್ಯಾಕಿಯವಳು. ಸವೊನ್ಲಿನ್ನಾಕ್ಕೆ ಡಾಕ್ಟರ ಹತ್ತಿರ ಹೋಗಿಬರುತ್ತೇನೆ, ಅಷ್ಟೇ" ಎಂದರು.

ಒಪೇರಾಕ್ಕೆಂದು ಆ ಕಡೆ ಹೋಗುವವರು ಅರ್ಧ ದಿನವನ್ನು ಕೆರಿಮ್ಯಾಕಿಗೆ ಮೀಸಲಿಡಿ. ಬೇಸಿಗೆಯಲ್ಲೇ ಹೋಗಿ, ದೊಡ್ಡ ಚರ್ಚನ್ನು ಬೆಚ್ಚಗಿಡುವ ವ್ಯವಸ್ಥೆಯಿಲ್ಲ.