ಬಸವನಹುಳು ತಿನ್ನುವ ಮೀನು

ಮಂಗೋಚಿಯ ಸಂತೆಯಲ್ಲಿ ಮೊದಲ ಸಲ ಚಾಂಬೊ ಮೀನನ್ನು ಕಂಡಾಗ ‘ಅರೆ, ಇದು ನಮ್ಮೂರ ಕೆರೆಯ ಜಿಲೇಬಿಯಲ್ಲವೇ!’ ಎಂದು ಕನ್ನಡದಲ್ಲೇ ಉದ್ಗರಿಸಿದ್ದೆ. ಮೀನು ಮಾರುವ ಹೆಂಗಸು ನಕ್ಕು ಬೆಲೆ ಹೇಳಿದಳು.

ನನ್ನ ಊಹೆ ತೀರಾ ತಪ್ಪಾಗಿರಲಿಲ್ಲ. ಎರಡೂ ಹತ್ತಿರದ ದಾಯಾದಿಗಳು. ಮರಿಗಳನ್ನು ಬಾಯಲ್ಲಿಟ್ಟುಕೊಂಡು ಸಾಕುವ ಗುಣವೂ ಎರಡಕ್ಕೂ ಒಂದೇ. ನಾವು ಜಿಲೇಬಿ ಎಂದು ಕರೆಯುವ ತಿಲಾಪಿಯಾವನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಅದರ ತವರು ಆಫ್ರಿಕಾದ ಜಾಂಬೆಜಿ ನದಿಯ ಕೆಳಪಾತ್ರ ಮತ್ತು ಅದನ್ನು ಸೇರುವ ಶಿರೇ ನದಿಯ ಕೊನೆಯ ಹರಿವು. ಆ ಶಿರೇ ಹೊರಡುವುದು ಮಲಾವಿ ಸರೋವರದಿಂದ, ಮಂಗೋಚಿಯ ಹತ್ತಿರದಲ್ಲೇ. ಹುಡುಗನಾಗಿದ್ದಾಗ ಗಾಳ ಹಾಕಿ ಹಿಡಿಯುತ್ತಿದ್ದ ಮೀನಿನ ತವರುದೇಶಕ್ಕೆ ನಾನು ಮೇಷ್ಟ್ರಾಗಿ ಬಂದು ನಿಂತಿದ್ದೆ.

ಅದು 1996. ಊರಿನ ಅನುದಾನರಹಿತ ಶಾಲೆಯ ಸಂಬಳದಲ್ಲಿ ತಂಗಿಯ ಮದುವೆ ಆಗುವಂತಿರಲಿಲ್ಲ. ಪರಿಚಿತರೊಬ್ಬರ ಮೂಲಕ ಮಲಾವಿಯ ಒಂದು ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಸಮುದ್ರವಿಲ್ಲದ ದೇಶ ಎಂದು ಭೂಪಟದಲ್ಲಿ ನೋಡಿಕೊಂಡು ಹೋಗಿದ್ದೆ. ಹೋದ ಮೇಲೆ ನೋಡಿದರೆ ಸಮುದ್ರವೇ ಇತ್ತು, ಉಪ್ಪೊಂದಿರಲಿಲ್ಲ ಅಷ್ಟೆ. ಸುಮಾರು 580 ಕಿಲೋಮೀಟರ್ ಉದ್ದ, ಹೆಚ್ಚೆಂದರೆ 75 ಕಿಲೋಮೀಟರ್ ಅಗಲ, ಅತ್ಯಂತ ಆಳದಲ್ಲಿ 700 ಮೀಟರು. 1859ರಲ್ಲಿ ಇಲ್ಲಿಗೆ ಬಂದ ಲಿವಿಂಗ್‌ಸ್ಟನ್ ಇದನ್ನು ‘ನ್ಯಾಸಾ ಸರೋವರ’ ಎಂದು ಕರೆದ. ನ್ಯಾಸಾ ಎಂದರೆ ಅಲ್ಲಿನವರ ಮಾತಿನಲ್ಲಿ ಸರೋವರ ಎಂದೇ ಅರ್ಥ. ಹೀಗೆ ಎಷ್ಟೋ ವರ್ಷ ಪ್ರಪಂಚದ ನಕ್ಷೆಗಳಲ್ಲಿ ಅದು ‘ಸರೋವರ ಸರೋವರ’ವಾಗಿಯೇ ಉಳಿಯಿತು!

ಈ ನೀರಿನಲ್ಲಿರುವಷ್ಟು ಜಾತಿಯ ಮೀನುಗಳು ಪ್ರಪಂಚದ ಬೇರಾವ ಸರೋವರದಲ್ಲೂ ಇಲ್ಲ. ಬಹುಪಾಲು ಸಿಕ್ಲಿಡ್ ಕುಟುಂಬಕ್ಕೆ ಸೇರಿದವು, ಅವುಗಳಲ್ಲಿ ಹೆಚ್ಚಿನವು ಬೇರೆಲ್ಲೂ ಸಿಗದವು. ಬಂಡೆಯ ಪಾಚಿ ಕೆರೆದು ತಿನ್ನುವುದು ಒಂದಾದರೆ, ಬೇರೆ ಮೀನಿನ ಹುರುಪೆ ಕಿತ್ತು ತಿನ್ನುವುದು ಇನ್ನೊಂದು. ಕೆಲವು ದಿನ ಸರೋವರದ ಮಧ್ಯದಿಂದ ಕಪ್ಪು ಹೊಗೆ ಎದ್ದಂತೆ ಕಾಣುತ್ತದೆ. ದೋಣಿಗೆ ಬೆಂಕಿ ಬಿತ್ತೆಂದು ಮೊದಲ ಸಲ ನಾನು ಗಾಬರಿಯಾಗಿದ್ದೆ. ಅದು ಕುಂಗು ಎಂಬ ಪುಟ್ಟ ನೊಣಗಳ ಮೋಡ. ದಡಕ್ಕೆ ಬಂದರೆ ಜನ ಅದನ್ನು ಹಿಡಿದು, ಉಂಡೆ ಕಟ್ಟಿ ಬೇಯಿಸಿ ತಿನ್ನುತ್ತಾರೆ. ಮಳೆಗಾಲದಲ್ಲಿ ಈಸಲು ಹುಳು ಹುರಿದು ತಿಂದ ನಮ್ಮಂಥವರು ಮೂಗು ಮುರಿಯುವ ಹಾಗಿಲ್ಲ.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ವಾರದಲ್ಲಿ ಮೂರು ದಿನವಾದರೂ ತಡವಾಗಿ ಬರುತ್ತಿದ್ದ. ಮೊಣಕಾಲಿನವರೆಗೆ ಚಡ್ಡಿ ಒದ್ದೆ, ಕಾಲಿನಲ್ಲಿ ಮರಳು. ತಡವಾಗಿ ಬಂದವರನ್ನು ಬಾಗಿಲಾಚೆ ನಿಲ್ಲಿಸುವ ಪದ್ಧತಿಯನ್ನು ನಾನು ಊರಿನಿಂದಲೇ ಹೊತ್ತುಕೊಂಡು ಹೋಗಿದ್ದೆ. ಅವನು ಕಿಟಕಿಯ ಪಕ್ಕ ನಿಂತು ಅಲ್ಲಿಂದಲೇ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ಬೆಳಗಿನ ಜಾವ ಚಿಕ್ಕಪ್ಪನ ಬಲೆ ಎಳೆದು ಬರುತ್ತಾನೆಂದು ಆಮೇಲೆ ತಿಳಿಯಿತು. ನಮ್ಮ ಕರಾವಳಿಯ ರಂಪಣಿಯಂತೆಯೇ ದಡದಿಂದ ಹತ್ತಾರು ಜನ ಎಳೆಯುವ ಬಲೆ ಅದು. ಒಂದು ದಿನ ಹೋಗಿ ನೋಡಿದೆ. ಬಲೆಯ ಹೊಟ್ಟೆಯ ಕಣ್ಣಿನಲ್ಲಿ ನನ್ನ ಕಿರುಬೆರಳೂ ತೂರಲಿಲ್ಲ. ಬೆರಳುದ್ದದ ಮರಿಗಳೆಲ್ಲ ಅದರಲ್ಲಿದ್ದವು. ‘ಇಷ್ಟು ಸಣ್ಣದನ್ನು ಹಿಡಿದರೆ ಮುಂದೇನು ಹಿಡಿಯುತ್ತೀರಿ?’ ಎಂದು ಕೇಳಿದೆ. ‘ದೊಡ್ಡದು ಬಂದರೆ ಬಿಡುತ್ತೇವೆಯೇ ಸರ್?’ ಎಂದ. ಮನೆಯಲ್ಲಿ ಏಳು ಜನ. ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ಥೇಟ್ ನಮ್ಮ ಮುದ್ದೆಯೇ, ಬಣ್ಣ ಮಾತ್ರ ಬಿಳಿ. ಅದನ್ನು ನಂಜಿಕೊಳ್ಳಲು ಏನಾದರೂ ಬೇಕಲ್ಲ.

ಒಮ್ಮೆ ಅವನು ಪಾಠಕ್ಕೆಂದು ಅಂಗೈಯಗಲದ ಒಂದು ಮೀನು ತಂದುಕೊಟ್ಟ. ಕೊಯ್ದು ನೋಡಿದರೆ ಗಂಟಲಿನಲ್ಲಿ ಚಪ್ಪಟೆ ಹಲ್ಲುಗಳ ಒಂದು ಪುಟ್ಟ ಒರಳು! ಹೊಟ್ಟೆಯ ತುಂಬ ಪುಡಿಯಾದ ಬಸವನಹುಳುವಿನ ಚಿಪ್ಪು. ಟ್ರೆಮಟೊಕ್ರಾನಸ್ ಪ್ಲಾಕೊಡಾನ್ ಎಂಬುದು ಅದರ ಶಾಸ್ತ್ರೀಯ ಹೆಸರು. ನನಗೆ ಹಬ್ಬವಾಯಿತು. ಪಾಚಿ, ಪಾಚಿ ತಿನ್ನುವ ಬಸವನಹುಳು, ಅದನ್ನು ತಿನ್ನುವ ಮೀನು, ಮೀನು ತಿನ್ನುವ ಮನುಷ್ಯ ಎಂದು ಆಹಾರ ಸರಪಳಿಯನ್ನು ಬೋರ್ಡಿನ ಮೇಲೆ ಬರೆದು ಸೀಮೆಸುಣ್ಣ ಕೆಳಗಿಟ್ಟೆ.

ತಿಂಗಳ ಬಳಿಕ ಬಿಲ್ಹಾರ್ಜಿಯಾದ ಪಾಠ ಬಂತು. ಈ ರೋಗದ ಹುಳುವನ್ನು ಥಿಯೊಡರ್ ಬಿಲ್ಹಾರ್ಜ್ ಎಂಬ ಜರ್ಮನ್ ವೈದ್ಯ 1851ರಲ್ಲಿ ಕೈರೋದಲ್ಲಿ ಗುರುತಿಸಿದ. ರೋಗಿಯ ಮೂತ್ರದ ಜತೆ ನೀರಿಗೆ ಬಿದ್ದ ಮೊಟ್ಟೆ ಒಡೆಯುತ್ತದೆ. ಮರಿ ಹೋಗಿ ಒಂದು ಜಾತಿಯ ಬಸವನಹುಳುವಿನ ಮೈ ಸೇರಿ ಅಲ್ಲಿ ಸಾವಿರಾರಾಗುತ್ತದೆ. ಬಾಲವುಳ್ಳ ಸೂಕ್ಷ್ಮ ಮರಿಗಳಾಗಿ ಹಗಲಿನಲ್ಲಿ ಹೊರಬಂದು, ನೀರಿಗಿಳಿದವರ ಚರ್ಮವನ್ನು ಕೊರೆದುಕೊಂಡು ಒಳನುಗ್ಗುತ್ತದೆ. ಕೊನೆಗೆ ಮೂತ್ರಕೋಶದ ಸುತ್ತಲಿನ ರಕ್ತನಾಳಗಳಲ್ಲಿ ಸಂಸಾರ ಹೂಡುತ್ತದೆ. ಮುಳ್ಳುಳ್ಳ ಮೊಟ್ಟೆಗಳು ಮೂತ್ರಕೋಶದ ಗೋಡೆಯನ್ನು ಸೀಳುವುದರಿಂದ ಮೂತ್ರದಲ್ಲಿ ರಕ್ತ. ಯಾರಿಗೆಲ್ಲ ಹೀಗಾಗಿದೆ ಎಂದು ಕೇಳಿದೆ. ಹುಡುಗರು ‘ಲಿಕೊಡ್ಜೊ, ಲಿಕೊಡ್ಜೊ’ ಎಂದು ನಗುತ್ತಾ ಕೈಯೆತ್ತಿದರು. ಎಣಿಸಲು ಹೊರಟವನು ಅರ್ಧಕ್ಕೇ ನಿಲ್ಲಿಸಿದೆ.

ಆಗ ನನ್ನ ಹುಡುಗ ಎದ್ದು ನಿಂತ. ‘ಸರ್, ಅವತ್ತು ಮೀನಿನ ಹೊಟ್ಟೆಯಲ್ಲಿದ್ದದ್ದು ಇದೇ ಹುಳುವೇ?’

ಪುಸ್ತಕದಲ್ಲಿ ಜೊಂಡು ಬೆಳೆದ ನಿಂತ ನೀರಿನಲ್ಲಿ ಮಾತ್ರ ಅಪಾಯ ಎಂದಿತ್ತು. ಅಲೆ ಬಡಿಯುವ ಮರಳ ದಂಡೆಗೆ ರೋಗದ ಭಯವಿಲ್ಲವೆಂದು ಹಿಂದೆ ಎಲ್ಲರೂ ನಂಬಿದ್ದರು. ‘ಅದು ಬೇರೆ, ಇದು ಬೇರೆ, ಕುಳಿತುಕೋ’ ಎಂದೆ. ಅವನು ಕುಳಿತ. ಆ ಭಾನುವಾರವೂ ಮಧ್ಯಾಹ್ನದ ಬಿಸಿಲಿನಲ್ಲಿ ಮರಳ ದಂಡೆಗೆ ಹೋಗಿ ಗಂಟೆಗಟ್ಟಲೆ ಈಜಿ ಬಂದೆ. ಆ ಮರಿಗಳು ಹೆಚ್ಚಾಗಿ ಹೊರಬರುವುದು ನಡುಹಗಲಿನಲ್ಲೇ!

1998ರ ಕೊನೆಗೆ ಊರಿಗೆ ಮರಳಿದೆ. ಮರುವರ್ಷ ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ರಕ್ತ ಕಂಡಿತು. ಡಾಕ್ಟರು ಕಲ್ಲಿರಬೇಕೆಂದು ಎಕ್ಸ್‌ರೇ ತೆಗೆಸಿದರು. ಇಲ್ಲದ ಕಲ್ಲಿಗಾಗಿ ಬಾಳೆದಿಂಡಿನ ರಸ ಕುಡಿದದ್ದೂ ಆಯಿತು. ಒಂದು ರಾತ್ರಿ ಇದ್ದಕ್ಕಿದ್ದಂತೆ ಆ ಹುಡುಗನ ಪ್ರಶ್ನೆ ನೆನಪಾಗಿ ಎದ್ದು ಕುಳಿತೆ. ಬೆಳಿಗ್ಗೆ ನಾನೇ ಹೇಳಿದ ಮೇಲೆ ಪ್ರಯೋಗಾಲಯದವರು ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಬೋರ್ಡಿನ ಮೇಲೆ ನಾನು ಬರೆದಿದ್ದ ಚಿತ್ರದ ಹಾಗೆಯೇ ಇತ್ತು, ತುದಿಯ ಮುಳ್ಳಿನ ಸಮೇತ. ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ಬೆಂಗಳೂರಿನಿಂದ ತರಿಸಿ ನುಂಗಿದ್ದಾಯಿತು, ಗುಣವೂ ಆಯಿತು.

ಹುಡುಗನ ಪ್ರಶ್ನೆಗೆ ಉತ್ತರ ಆಮೇಲೆ ಓದಿ ತಿಳಿದದ್ದು. 1980ರ ದಶಕದ ನಡುವಿನಿಂದ ಸರೋವರದ ಮರಳ ದಂಡೆಗಳಲ್ಲೂ ರೋಗ ಹೆಚ್ಚತೊಡಗಿತ್ತು. ದಡದ ಬಲೆಗಳು ಬಸವನಹುಳು ತಿನ್ನುವ ಮೀನನ್ನು ಬಳಿದು ಹಾಕಿದ್ದರಿಂದ ಹುಳುಗಳು ಹೆಚ್ಚಿದವೆಂದು ವಿಜ್ಞಾನಿಗಳು 1990ರ ದಶಕದಲ್ಲಿ ವಾದಿಸಿದರು. ಮರಳಿನಲ್ಲಿ ಬದುಕುವ ಬುಲಿನಸ್ ನ್ಯಾಸಾನಸ್ ಎಂಬ ಹುಳುವೂ ಈ ರೋಗವನ್ನು ಹೊರುತ್ತದೆಂದು 2001ರಲ್ಲಿ ವರದಿಯಾಯಿತು. ಒರಳು ಹಲ್ಲಿನ ಆ ಮೀನಿನ ಇಷ್ಟದ ಆಹಾರಗಳಲ್ಲಿ ಇದೂ ಒಂದು. ನಾನು ಎರಡು ಅಧ್ಯಾಯಗಳಲ್ಲಿ ಬೇರೆ ಬೇರೆ ಕಲಿಸಿದ್ದನ್ನು ಅವನು ಒಂದೇ ಎಂದು ಹಿಡಿದಿದ್ದ. ಆ ಸರಪಳಿಯಲ್ಲಿ ಮನುಷ್ಯನನ್ನು ನಾನು ಕೊನೆಗೆ ಬರೆದಿದ್ದೆ, ಹುಳುವಿನ ಹೊಟ್ಟೆಗೆ ಅವನನ್ನು ಮತ್ತೆ ಜೋಡಿಸುವ ಬಾಣದ ಗುರುತನ್ನು ಹಾಕಿರಲಿಲ್ಲ. ಚಾಂಬೊವಿನ ಕಥೆಯೂ ಇಷ್ಟೆ. 2018ರ ಮೌಲ್ಯಮಾಪನದಲ್ಲಿ ಅದರ ಮೂರು ಪ್ರಭೇದಗಳು ಅಳಿವಿನ ಅಂಚಿನ ಪಟ್ಟಿ ಸೇರಿದವು. ಅದರ ದಾಯಾದಿ ಜಿಲೇಬಿ ಮಾತ್ರ ನಮ್ಮೂರ ಕೆರೆಯಲ್ಲಿ ಬೇಡವೆಂದರೂ ತುಂಬಿಕೊಂಡಿದೆ.

ನಾನು ಹೊರಟ ದಿನ ಬಸ್ಸಿನವರೆಗೆ ನನ್ನ ಟ್ರಂಕು ಹೊತ್ತು ತಂದವನು ಅವನೇ. ಅಂದೂ ಚಡ್ಡಿ ಒದ್ದೆಯಾಗಿತ್ತು. ಟ್ರಂಕನ್ನು ಮೇಲೇರಿಸಿ, ‘ಮಧ್ಯಾಹ್ನದ ಬಲೆಗೆ ಹೊತ್ತಾಯಿತು ಸರ್’ ಎಂದು ಹೇಳಿ ಸರೋವರದ ಕಡೆಗೆ ಓಡಿದ.